ತುಕ್ಕು ಹಿಡಿದ ಬೋಲ್ಟಿಗೂ ಒಂದು ಹಿಸ್ಟರಿ ಉಂಟು

1/5
ಮೊದಲ ಫೋಟೋದಲ್ಲಿರುವ ಕಬ್ಬಿಣದ ತುಂಡು ನೋಡಿ. ನಮ್ಮ ಒಮ್ನಿಯ ಹಿಂದಿನ ಲೀಫ್ ಸ್ಪ್ರಿಂಗನ್ನು ಗಾಡಿಯ ತಳಕ್ಕೆ ಜೋಡಿಸುವ ಬೋಲ್ಟ್ ಇದು. ಅಪ್ಪ ಮಲ್ಪೆಯಿಂದ ಕಾರ್ಕಳದ ಕಡೆಗೆ ಮೀನು ಸಾಗಿಸುವುದು ಈ ಗಾಡಿಯಲ್ಲೇ. ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಸೀದಾ ಇದರ ಮೇಲೆ. ಕಳೆದ ವಾರ ಸ್ಪ್ರಿಂಗಿನ ಒಂದು ಪ್ಲೇಟ್ ಕಟ್ ಆಯ್ತು. ಬೇಗ ಮುಗಿಯುವ ಕೆಲಸ ಅಂದುಕೊಂಡದ್ದು ಎರಡು ದಿನ ಹಿಡಿಯಿತು. ಎರಡು ದಿನ ಗಾಡಿ ಇಲ್ಲ ಅಂದ್ರೆ ನಮ್ಮ ಮನೆಗೆ ಎರಡು ದಿನದ ಸಂಪಾದನೆ ಇಲ್ಲ.

2/5
ನಟ್ ಬಂತು, ಬೋಲ್ಟ್ ಬರಲಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ವಲ್ಪ ತಿರುಗ್ತದೆ, ಕೈ ಬಿಟ್ಟರೆ ವಾಪಸ್ ಬರ್ತದೆ! ಯಾಕೆ ಗೊತ್ತುಂಟಾ? ಬೋಲ್ಟ್ ಕೂತಿರುವುದು ರಬ್ಬರ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಯಲ್ಲಿ. ಎರಡರ ನಡುವೆ ನೀರು ಹೋಗಿ ತುಕ್ಕು ಹಿಡಿದಿದೆ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಡ್ತದೆ. ಜಾಗ ಇಲ್ಲದಲ್ಲಿ ಉಬ್ಬಿ ಬೋಲ್ಟನ್ನೂ ಕೊಳವೆಯನ್ನೂ ಒಂದೇ ಮಾಡಿಬಿಡ್ತದೆ. ನಾವು ತಿರುಗಿಸ್ತಾ ಇದ್ದದ್ದು ಬರೀ ರಬ್ಬರನ್ನು, ಮಾರಾಯ್ರೆ.

3/5
ಇನ್ನು ಹಿಸ್ಟರಿ. ಲೀಫ್ ಸ್ಪ್ರಿಂಗ್ ಕಾರಿಗಿಂತ ಹಳೆಯದು, ಕುದುರೆ ಗಾಡಿಯಿಂದ ಬಂದದ್ದು. ಶುರುವಿನ ಕಾರುಗಳಲ್ಲಿ ಸ್ಪ್ರಿಂಗಿನ ಜಾಯಿಂಟ್ ಅಂದ್ರೆ ಲೋಹಕ್ಕೆ ಲೋಹ ಉಜ್ಜುವುದು. ಎಣ್ಣೆ ಬಿಡದಿದ್ದರೆ ಕಿರುಚ್ತಿತ್ತು. ಹಾಗಾಗಿ 1908ರ ಫೋರ್ಡ್ ಮಾಡೆಲ್ ಟಿ ಕಾಲದವರಿಗೆ ಅಡಿಗೆ ಹೋಗಿ ಎಣ್ಣೆ, ಗ್ರೀಸ್ ಕೊಡುವುದು ರೂಢಿ. ಗ್ರೀಸ್ ಗನ್ ಒತ್ತುವ ನಿಪ್ಪಲ್‌ಗೆ ಆಸ್ಕರ್ ಝರ್ಕ್ ಅನ್ನುವವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1929ರಲ್ಲಿ. ಇವತ್ತಿಗೂ ಅಲ್ಲಿ ಅದಕ್ಕೆ ಅವರದೇ ಹೆಸರು.

ಆಮೇಲೆ ಬಂತು ರಬ್ಬರ್ ಬುಷ್. ಗ್ರೀಸೂ ಬೇಡ, ಸದ್ದೂ ಇಲ್ಲ. ನಮ್ಮ ಮೆಕ್ಯಾನಿಕ್‌ಗಳು ‘ಸೈಲೆಂಟ್ ಬ್ಲಾಕ್’ ಅಂತಾರಲ್ಲ, ಅದು ಮೂಲದಲ್ಲಿ ಒಂದು ಬ್ರ್ಯಾಂಡಿನ ಹೆಸರೇ. ಒಳ್ಳೆಯದೇ ಆಯ್ತು ಅನ್ನಬಹುದು. ಆದ್ರೆ ನನ್ನ ಪ್ರಕಾರ ನಮ್ಮ ಬೋಲ್ಟ್ ಸಿಕ್ಕಿಬಿದ್ದದ್ದು ಅಲ್ಲೇ. ಕಿರುಚುವ ಜಾಯಿಂಟ್‌ಗೆ ಜನ ಎಣ್ಣೆ ಬಿಡ್ತಿದ್ರು. ಸುಮ್ಮನಿರುವುದನ್ನು ಯಾರು ಹೋಗಿ ನೋಡ್ತಾರೆ? ಕಾಮರ್ಸ್‌ನವರು ನಾವು ವರ್ಷಕ್ಕೆ ಇಂತಿಷ್ಟು ಅಂತ ಡಿಪ್ರಿಸಿಯೇಶನ್ ಕಳೀತೇವೆ. ತುಕ್ಕು ಹಾಗೆ ಲೆಕ್ಕ ಇಟ್ಟು ಬರುವುದಿಲ್ಲ.

4/5
“ಡಬ್ಲ್ಯುಡಿ-40 ಹೊಡಿ, ಸಾಕು” ಅಂತ ನಾನೇ ದೊಡ್ಡ ಜನದ ಹಾಗೆ ಹೇಳಿದ್ದೆ. ಆಮೇಲೆ ಓದಿದೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿ ಅದನ್ನು ಮಾಡಿದ್ದು ತುಕ್ಕು ಬಾರದ ಹಾಗೆ ತಡೀಲಿಕ್ಕೆ. ಹೆಸರಿನ ಅರ್ಥವೇ ನೀರನ್ನು ಹೊರದಬ್ಬುವುದು, 40 ಅಂದ್ರೆ ನಲವತ್ತನೇ ಪ್ರಯತ್ನ. ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ. ಕೆಲಸಗಾರರು ಮನೆಗೆ ಒಯ್ಯಲಿಕ್ಕೆ ಶುರು ಮಾಡಿದ ಮೇಲೆ 1958ರಲ್ಲಿ ಸ್ಪ್ರೇ ಡಬ್ಬಿಯಲ್ಲಿ ಅಂಗಡಿಗೆ ಬಂತು. ಸಣ್ಣ ತುಕ್ಕಿಗೆ ನಡೀತದೆ. ವರ್ಷಗಟ್ಟಲೆ ಉಪ್ಪು ಕುಡಿದ ಬೋಲ್ಟಿಗೆ ಸಂದಿಯೊಳಗೆ ಇಳಿಯಲಿಕ್ಕೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಬೇಕು, ಅದಕ್ಕೂ ರಾತ್ರಿಯಿಡೀ ಸಮಯ ಬೇಕು.

5/5
ಗ್ಯಾರೇಜಿನ ಅಣ್ಣ ಅದನ್ನೂ ಮಾಡಿದ್ರು. ಸುತ್ತಿಗೆಯಲ್ಲಿ ಬಡಿದ್ರು, ಗ್ಯಾಸಲ್ಲಿ ಕಾಯಿಸಿದ್ರು. ರಬ್ಬರ್ ಹೊತ್ತಿ ಬಂದ ಹೊಗೆ ಅಬ್ಬಾ, ಹತ್ತಿರ ನಿಲ್ಲಲಿಕ್ಕೆ ಸಾಧ್ಯ ಇಲ್ಲ. ಕೊನೆಗೆ ಬುಷ್‌ನ ಎರಡೂ ಬದಿಗೆ ಗ್ರೈಂಡರ್ ಇಟ್ಟು ಬೋಲ್ಟನ್ನೇ ಕತ್ತರಿಸಿದ್ರು. (ಮನೇಲಿ ಮಾಡುವವರು ಕಣ್ಣಿಗೆ ಗಾಗಲ್ ಹಾಕದೆ ಮಾಡಬೇಡಿ.) ಬ್ರಾಕೆಟನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಪ್ರೈಮರ್ ಹೊಡೆದ್ರು. ಹೊಸ ಪ್ಲೇಟ್, ಹೊಸ ಬುಷ್, ಹೊಸ ಬೋಲ್ಟ್. ಹಾಕುವ ಮೊದಲು ಬೋಲ್ಟಿನ ನಡುಭಾಗಕ್ಕೆ ತೆಳ್ಳಗೆ ಗ್ರೀಸ್ ಸವರಿದ್ದು ನಾನು, ರಬ್ಬರಿಗೆ ತಾಗದ ಹಾಗೆ.

ಅಪ್ಪ ಮರುದಿನ ಬೆಳಕು ಹರಿಯುವ ಮೊದಲೇ ಮಲ್ಪೆಗೆ ಹೋದ್ರು. ಈಗ ವಾಪಸ್ ಬಂದ ಮೇಲೆ ಸಿಹಿನೀರಿನ ಪೈಪ್ ಹಿಡಿದು ಗಾಡಿಯ ಅಡಿ ತೊಳೆಯುವುದು ನನ್ನ ಡ್ಯೂಟಿ.

ನಿಮ್ಮ ಊರಿನ ಲಾರಿ, ಟಿಪ್ಪರ್‌ಗಳ ಸ್ಪ್ರಿಂಗ್ ಹತ್ತಿರ ಗ್ರೀಸ್ ನಿಪ್ಪಲ್ ಈಗಲೂ ಇರ್ತದೆ. ಕಂಡರೆ ಫೋಟೋ ತೆಗೆದು ನನಗೆ ಟ್ಯಾಗ್ ಮಾಡಿ.