ಎರೆಹೊಲದಲ್ಲಿ ಚೈನ್ ಯಂತ್ರ: ಪಟ್ಟಿ ಉದ್ದ ಮಾಡುವ ಮುನ್ನ ತಿಳಿಯಬೇಕಾದ ಲೆಕ್ಕ

ಗದಗ: ಮಳೆ ಬಿದ್ದ ಮರುದಿನವೇ ಎರೆಹೊಲಕ್ಕೆ ಯಂತ್ರ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಜಿಲ್ಲೆಯ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಯಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಹೆಸರು ಕಟಾವಿಗೆ ಬಂದ ಹೊತ್ತಿನಲ್ಲೇ ಮಳೆ ಹಿಡಿದುಕೊಂಡರಂತೂ ಒಂದೊಂದು ದಿನವೂ ಬೆಳೆಗಾರನ ಪಾಲಿಗೆ ನಷ್ಟದ ದಿನವೇ. ಚಕ್ರದ ಬದಲು ಸರಪಳಿ ಪಟ್ಟಿಯ ಮೇಲೆ ಓಡುವ, ಆಡುಮಾತಿನಲ್ಲಿ ಚೈನ್ ಯಂತ್ರ ಎನ್ನಲಾಗುವ ಕೊಯ್ಲು ಯಂತ್ರಗಳ ಕಡೆಗೆ ರೈತರ ಗಮನ ಹರಿಯಲು ಕಾರಣ ಇದೇ.

ಚೈನ್ ಯಂತ್ರವೂ ಹೂತುಕೊಳ್ಳುವುದುಂಟು. ಆಗ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದರೆ ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮೇಲ್ನೋಟಕ್ಕೆ ಇದು ಸುಲಭದ ಕೆಲಸ. ಹಿಂಬದಿಯ ಚೌಕಟ್ಟು ಬೆಳೆಸುವುದು, ಕೊಂಡಿಗಳನ್ನು ಸೇರಿಸುವುದು, ಅಷ್ಟೆ. ಆದರೆ ಲೆಕ್ಕ ತಪ್ಪಿದರೆ ಉದ್ದವಾದ ಪಟ್ಟಿಯೇ ಯಂತ್ರವನ್ನು ಮೊದಲಿಗಿಂತ ಹೆಚ್ಚು ಹೂಳಬಲ್ಲದು.

ಮಣ್ಣಿನ ಗುಣ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರಚನೆಯಾದ ಗದಗ ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ನರಗುಂದ, ರೋಣ ಹಾಗೂ ಗದಗ ತಾಲ್ಲೂಕುಗಳಲ್ಲಿ ಕಪ್ಪು ಎರೆಮಣ್ಣು ಹೆಚ್ಚು. ಕಪ್ಪತಗುಡ್ಡದ ಸುತ್ತಲಿನ ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಮಸಾರಿ ನೆಲವೂ ಸಾಕಷ್ಟಿದೆ. ಜಿಲ್ಲೆಯ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸಿನದು. ಮಳೆ ಕಡಿಮೆಯಿದ್ದರೂ ಕೆಸರಿನ ಕಾಟ ತಪ್ಪದಿರುವುದಕ್ಕೆ ಎರೆಮಣ್ಣಿನ ಸ್ವಭಾವವೇ ಕಾರಣ.

ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಕಣ ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುವ ನೆಲವೇ ಮಳೆಗಾಲದಲ್ಲಿ ಅಂಟಿನಂತಾಗುತ್ತದೆ. ಒಣಗಿದಾಗ ಲಾರಿಯನ್ನೂ ಹೊರುವ ಹೊಲ ಹಸಿಯಾದಾಗ ಟ್ರ್ಯಾಕ್ಟರನ್ನೂ ಹೊರಲಾರದು. ಮಲಪ್ರಭಾ ಕಾಲುವೆಯ ನೀರುಣ್ಣುವ ನರಗುಂದ ಭಾಗದಲ್ಲಿ ಮಳೆಯ ಜತೆಗೆ ನೀರಾವರಿಯ ತೇವವೂ ಸೇರಿಕೊಳ್ಳುತ್ತದೆ.

ಕ್ಯಾಲಿಫೋರ್ನಿಯಾದ ಜವುಗಿನಿಂದ ಕೆನಡಾದ ಹಿಮದವರೆಗೆ

ಮೆತ್ತನೆಯ ನೆಲದಲ್ಲಿ ಭಾರ ಹರಡುವ ಈ ವಿದ್ಯೆ ಹುಟ್ಟಿದ್ದೂ ಹೊಲದಲ್ಲೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಟಾಕ್‌ಟನ್ ಸುತ್ತಲಿನ ಜವುಗು ಹೊಲಗಳಲ್ಲಿ ಉಗಿ ಟ್ರ್ಯಾಕ್ಟರ್‌ಗಳು ಹೂತುಹೋಗುತ್ತಿದ್ದವು. ತಯಾರಕ ಬೆಂಜಮಿನ್ ಹೋಲ್ಟ್ ಮೊದಲು ಚಕ್ರಗಳನ್ನು ಅಗಲ ಮಾಡುತ್ತ ಹೋದರು. ಯಂತ್ರದ ಒಟ್ಟು ಅಗಲ 46 ಅಡಿ ತಲುಪಿದಾಗ ಆ ದಾರಿ ಮುಗಿಯಿತು. 1904ರ ನವೆಂಬರ್‌ನಲ್ಲಿ ಅವರು ಹಿಂಚಕ್ರಗಳನ್ನು ತೆಗೆದು ಉದ್ದನೆಯ ಸರಪಳಿ ಪಟ್ಟಿ ಜೋಡಿಸಿ ಯಶಸ್ವಿಯಾದರು. ನಮ್ಮ ಗದ್ದೆಗಳಲ್ಲಿ ಟ್ರ್ಯಾಕ್ಟರ್‌ಗೆ ತೊಡಿಸುವ ಕೇಜ್ ವೀಲ್ ಹೋಲ್ಟ್‌ರ ಮೊದಲ ದಾರಿಯದು, ಚೈನ್ ಯಂತ್ರ ಎರಡನೆಯ ದಾರಿಯದು.

ಇದೇ ತತ್ವ ಹಿಮದ ಮೇಲೂ ನಡೆಯಿತು. ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ 1937ರಲ್ಲಿ ಹಿಮವಾಹನದ ಹಲ್ಲುಚಕ್ರ ಮತ್ತು ಪಟ್ಟಿಯ ರಚನೆಗೆ ಪೇಟೆಂಟ್ ಪಡೆದರು. 1959ರಲ್ಲಿ ಅವರ ಕಂಪನಿಯ ಸ್ಕೀ-ಡೂ ಎಂಬ ಹಗುರ ಸ್ನೋಮೊಬೈಲ್ ಮಾರುಕಟ್ಟೆಗೆ ಬಂತು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಒಂದು ರಬ್ಬರ್ ಪಟ್ಟಿ ಇದರ ರೂಪ. ಆಳವಾದ ಹಿಮದಲ್ಲಿ ಹೂತುಕೊಳ್ಳದಿರಲು ಈ ವಾಹನದ ಹಿಂಬದಿಯ ಸಸ್ಪೆನ್ಷನ್ ಹಳಿಗಳನ್ನು ಬೆಳೆಸಿ ಉದ್ದದ ಪಟ್ಟಿ ಹಾಕುವುದು ಅಲ್ಲಿ ರೂಢಿಯಲ್ಲಿರುವ ಕೆಲಸ. ಅದರ ಲೆಕ್ಕ ಚೈನ್ ಯಂತ್ರಕ್ಕೂ ಅನ್ವಯಿಸುತ್ತದೆ.

ಕೂಡಿಸಿದ ಉದ್ದದ ಅರ್ಧ ಮಾತ್ರ ಲಾಭ

121 ಇಂಚಿನ ಪಟ್ಟಿಯ ಜಾಗದಲ್ಲಿ 136 ಇಂಚಿನ ಪಟ್ಟಿ ಹಾಕುವುದು ಸ್ನೋಮೊಬೈಲ್‌ನಲ್ಲಿ ಸಾಮಾನ್ಯ ಬದಲಾವಣೆ. ಪಟ್ಟಿಯ ಒಂದು ಹಲ್ಲಿನಿಂದ ಮತ್ತೊಂದು ಹಲ್ಲಿಗೆ 2.52 ಇಂಚು ಅಂತರವಿದ್ದರೆ 48 ಹಲ್ಲುಗಳ ಬದಲು 54 ಹಲ್ಲುಗಳಾಗುತ್ತವೆ. ಹೆಚ್ಚಿದ್ದು 15 ಇಂಚು. ಆದರೆ ಪಟ್ಟಿ ಸುತ್ತಿ ಬರುವ ಬಳೆಯಂತಿರುವುದರಿಂದ ಹೆಚ್ಚಿದ ಉದ್ದದಲ್ಲಿ ಅರ್ಧ ಮೇಲ್ಬದಿಗೆ, ಅರ್ಧ ಕೆಳಬದಿಗೆ ಹಂಚಿಹೋಗುತ್ತದೆ. ಹಿಂಬದಿಯ ಚಕ್ರ ಹಿಂದೆ ಸರಿಯುವುದು ಏಳೂವರೆ ಇಂಚು ಮಾತ್ರ, ನೆಲಕ್ಕೆ ತಾಗುವ ಉದ್ದ ಹೆಚ್ಚುವುದೂ ಸುಮಾರು ಅಷ್ಟೇ.

ಪಟ್ಟಿಯನ್ನು ಮನಬಂದಷ್ಟು ಬೆಳೆಸಲೂ ಬರುವುದಿಲ್ಲ. ಇಡೀ ಕೊಂಡಿಗಳ ಲೆಕ್ಕದಲ್ಲೇ ಬೆಳೆಸಬೇಕು. ಹೊಸ ಕೊಂಡಿಯ ಅಂತರ ಹಳೆಯ ಹಲ್ಲುಚಕ್ರಕ್ಕೆ ಸರಿಹೊಂದದಿದ್ದರೆ ಹಲ್ಲು ಜಿಗಿಯುತ್ತದೆ, ಎರಡೂ ಬೇಗ ಸವೆಯುತ್ತವೆ.

ಭಾರಕೇಂದ್ರ ತಪ್ಪಿದರೆ

ಉದಾಹರಣೆಗೆ 3,000 ಕಿಲೋ ತೂಕದ ಒಂದು ಯಂತ್ರವಿದೆ ಎಂದುಕೊಳ್ಳೋಣ. ಅದಕ್ಕೆ ಎರಡು ಪಟ್ಟಿಗಳು, ಪ್ರತಿಯೊಂದರ ಅಗಲ 40 ಸೆಂ.ಮೀ., ನೆಲಕ್ಕೆ ತಾಗುವ ಉದ್ದ 150 ಸೆಂ.ಮೀ. ತಾಗುವ ಒಟ್ಟು ಜಾಗ 12,000 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ. ಮೇಲೆ ಬೀಳುವ ಭಾರ 250 ಗ್ರಾಂ. ತಾಗುವ ಉದ್ದವನ್ನು 180 ಸೆಂ.ಮೀ.ಗೆ ಏರಿಸಿದರೆ ಸರಾಸರಿ ಭಾರ ಸುಮಾರು 208 ಗ್ರಾಂಗೆ ಇಳಿಯುತ್ತದೆ.

ಆದರೆ ಮಣ್ಣು ಕುಸಿಯುವುದು ಸರಾಸರಿ ನೋಡಿ ಅಲ್ಲ, ಒತ್ತಡ ಅತಿ ಹೆಚ್ಚಾಗಿರುವ ಕಡೆ. ಮೊದಲು ಯಂತ್ರದ ಭಾರಕೇಂದ್ರ ಪಟ್ಟಿಯ ನಟ್ಟನಡುವೆ ಇತ್ತೆಂದಿಟ್ಟುಕೊಳ್ಳಿ. 30 ಸೆಂ.ಮೀ. ಉದ್ದವನ್ನು ಹಿಂಬದಿಗೆ ಮಾತ್ರ ಸೇರಿಸಿದಾಗ ಪಟ್ಟಿಯ ನಡುಭಾಗ 15 ಸೆಂ.ಮೀ. ಹಿಂದೆ ಸರಿಯುತ್ತದೆ. ಭಾರ ಮಾತ್ರ ಹಳೆಯ ಜಾಗದಲ್ಲೇ, ಅಂದರೆ ನಡುವಿಗಿಂತ 15 ಸೆಂ.ಮೀ. ಮುಂದೆ ಉಳಿಯುತ್ತದೆ. ಆಗ ಮುಂತುದಿಯ ಒತ್ತಡ ಸರಾಸರಿಯ ಒಂದೂವರೆ ಪಟ್ಟು, ಅಂದರೆ 312 ಗ್ರಾಂ ಆಗುತ್ತದೆ. ಉದ್ದ ಮಾಡುವ ಮೊದಲು ಇದ್ದದ್ದು 250 ಗ್ರಾಂ. ಹಣ ಖರ್ಚು ಮಾಡಿ ಮೂತಿ ಹೂಳಿಸಿಕೊಂಡಂತಾಯಿತು. ಭಾರಕೇಂದ್ರವು ಪಟ್ಟಿಯ ಉದ್ದದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮುಂದೆ ಸರಿದರೆ ಹಿಂತುದಿ ಭಾರವನ್ನೇ ಹೊರುವುದಿಲ್ಲ.

ಕೊಯ್ಲು ಯಂತ್ರದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಕತ್ತರಿಸುವ ಭಾಗ ಮುಂದಿರುತ್ತದೆ, ಕಾಳಿನ ತೊಟ್ಟಿ ತುಂಬುತ್ತ ಹೋದಂತೆ ಭಾರಕೇಂದ್ರ ಸರಿಯುತ್ತಿರುತ್ತದೆ. ತೊಟ್ಟಿ ಖಾಲಿಯಿರುವಾಗ ಮತ್ತು ತುಂಬಿರುವಾಗ, ಎರಡೂ ಸ್ಥಿತಿಯಲ್ಲಿ ತೂಕ ಎಲ್ಲಿ ಬೀಳುತ್ತದೆ ಎಂದು ಅಳೆಯದೆ ಚೌಕಟ್ಟಿಗೆ ಕೈಹಾಕುವುದು ಸಲ್ಲದು.

ಯುದ್ಧ ಟ್ಯಾಂಕ್ ಕಲಿಸಿದ ಪಾಠ

ಹಿಂಬದಿಗೆ ಬಾಲ ಜೋಡಿಸಿ ಪಟ್ಟಿ ಉದ್ದ ಮಾಡುವ ಪ್ರಯತ್ನವನ್ನು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯೂ ಮಾಡಿತ್ತು. ಜರ್ಮನರ ಅಗಲವಾದ ಕಂದಕಗಳನ್ನು ದಾಟಲು ಟ್ಯಾಂಕ್‌ಗಳ ಹಿಂದೆ ಚೌಕಟ್ಟು ಬೆಳೆಸಲಾಯಿತು. ಗೊದಮೊಟ್ಟೆಯ ಬಾಲ ಎಂಬ ಅರ್ಥದ ಹೆಸರು ಪಡೆದ ಈ ಜೋಡಣೆಗೆ ಬೇಕಾದಷ್ಟು ಬಿಗಿತ ಇರಲಿಲ್ಲವಾದ್ದರಿಂದ ಅದನ್ನು ಕೈಬಿಡಬೇಕಾಯಿತು. 1918ರಲ್ಲಿ ಟ್ಯಾಂಕ್‌ನ ಒಡಲನ್ನೇ ಕತ್ತರಿಸಿ ನಡುವೆ ಆರು ಅಡಿ ಸೇರಿಸಿದ ಮಾದರಿ ಬಂತು. ಬಿಗಿತ ಬಂತಾದರೂ ಅದನ್ನು ತಿರುಗಿಸುವುದು ಕಷ್ಟವಾಯಿತು.

ಚೈನ್ ಯಂತ್ರ ತಿರುಗುವುದು ಒಂದು ಪಟ್ಟಿಯನ್ನು ತಡೆದು ಇನ್ನೊಂದನ್ನು ಓಡಿಸುವುದರಿಂದ. ಆಗ ಪಟ್ಟಿಗಳು ನೆಲದ ಮೇಲೆ ಅಡ್ಡಡ್ಡ ಉಜ್ಜಿಕೊಳ್ಳುತ್ತವೆ. ಪಟ್ಟಿ ಉದ್ದವಾದಷ್ಟೂ ಈ ಉಜ್ಜಾಟಕ್ಕೆ ವಿರೋಧ ಹೆಚ್ಚು. ತಿರುಗಿಸುವ ಬಲಕ್ಕೆ ಆಧಾರ ಎರಡು ಪಟ್ಟಿಗಳ ನಡುವಿನ ಅಂತರ. ನೆಲಕ್ಕೆ ತಾಗುವ ಉದ್ದವು ಈ ಅಂತರದ 1.8 ಪಟ್ಟನ್ನು ಮೀರದಂತೆ ವಿನ್ಯಾಸಕಾರರು ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಅದನ್ನು ಮೀರಿದರೆ ಎರೆಹೊಲದ ಬದುವಿನ ಬಳಿ ಯಂತ್ರ ತಿರುಗಿಸುವಾಗ ಮಣ್ಣಿನ ರಾಶಿಯೇ ಏಳುತ್ತದೆ, ಪಟ್ಟಿ ಕಳಚುವ ಅಪಾಯವೂ ಇದೆ.

ಅಗಲವೋ, ಉದ್ದವೋ?

ಮೇಲಿನ ಉದಾಹರಣೆಯಲ್ಲಿ ಉದ್ದದ ಬದಲು ಅಗಲವನ್ನು 40ರಿಂದ 48 ಸೆಂ.ಮೀ.ಗೆ ಏರಿಸಿದರೂ ಸರಾಸರಿ ಒತ್ತಡ ಅಷ್ಟೇ ಇಳಿಯುತ್ತದೆ, ಭಾರಕೇಂದ್ರದ ತೊಡಕೂ ಇಲ್ಲ. ಆದರೆ ಅಗಲವಾದ ಪಟ್ಟಿ ಅಗಲವಾದ ಜಾಡನ್ನು ತುಳಿಯುತ್ತದೆ. ಮೆತ್ತನೆಯ ನೆಲದ ಮೇಲಿನ ಚಲನೆಯನ್ನು ಶಾಸ್ತ್ರವಾಗಿ ರೂಪಿಸಿದ, ಮುಂದೆ ಚಂದ್ರನ ಮೇಲಿನ ರೋವರ್ ವಾಹನದ ವಿನ್ಯಾಸದಲ್ಲೂ ಪಾಲ್ಗೊಂಡ ಪೋಲೆಂಡ್ ಮೂಲದ ಎಂಜಿನಿಯರ್ ಎಂ.ಜಿ. ಬೆಕ್ಕರ್ ತೋರಿಸಿದಂತೆ, ಒಂದೇ ವಿಸ್ತೀರ್ಣದ ಎರಡು ಪಟ್ಟಿಗಳಲ್ಲಿ ಉದ್ದವಾಗಿ ಕಿರಿದಾಗಿರುವುದಕ್ಕೆ ಮಣ್ಣಿನ ಪ್ರತಿರೋಧ ಕಡಿಮೆ. ಹೀಗಾಗಿ ಉದ್ದಕ್ಕೆ ಬೆಲೆ ಇದೆ, ಸಮತೋಲ ಮತ್ತು ತಿರುವು ಕೆಡದಷ್ಟರ ಮಟ್ಟಿಗೆ ಮಾತ್ರ.

ಕಾರ್ಖಾನೆಗಳು ಮಾಡುವುದೂ ಇದನ್ನೇ. ಧಾರವಾಡದಲ್ಲಿ ತಯಾರಿಕಾ ಘಟಕ ಹೊಂದಿರುವ ಟಾಟಾ ಹಿಟಾಚಿ ಸೇರಿದಂತೆ ಅಗೆಯುವ ಯಂತ್ರಗಳ ತಯಾರಕರ ಮಾದರಿಗಳ ಹೆಸರಿನ ಕೊನೆಯಲ್ಲಿ ಕಾಣುವ ಎಲ್‌ಸಿ ಎಂಬ ಅಕ್ಷರಗಳು ಉದ್ದನೆಯ ಪಟ್ಟಿಯ ತಳಭಾಗವನ್ನು ಸೂಚಿಸುತ್ತವೆ. ಅಲ್ಲಿ ಚೌಕಟ್ಟು ಇಡಿಯಾಗಿ ಉದ್ದದ್ದು, ಅದಕ್ಕೆ ತಕ್ಕಂತೆ ಭಾರ ಹೊರುವ ರೋಲರ್‌ಗಳು ಇರುತ್ತವೆ. ರೋಲರ್ ಹೆಚ್ಚಿಸದೆ ಪಟ್ಟಿಯನ್ನಷ್ಟೇ ಬೆಳೆಸಿದರೆ ರೋಲರ್‌ಗಳ ನಡುವಿನ ಪಟ್ಟಿ ಮೇಲಕ್ಕೆ ಬಾಗುತ್ತದೆ, ಭಾರ ಮತ್ತೆ ರೋಲರ್‌ಗಳ ಕೆಳಗೇ ಬೀಳುತ್ತದೆ.

ಕಾನೂನು ಮತ್ತು ವಿಮೆ

ನೋಂದಾಯಿತ ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಚೌಕಟ್ಟಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿ, ತಯಾರಕರು ಹಾಗೂ ವಿಮಾ ಕಂಪನಿಯನ್ನು ವಿಚಾರಿಸುವುದು ಕ್ಷೇಮ. ವಾರಂಟಿ ಅವಧಿಯ ಯಂತ್ರವಾಗಿದ್ದರೆ ಆ ಹಕ್ಕು ಕೈತಪ್ಪುವ ಸಾಧ್ಯತೆಯೂ ಇರುತ್ತದೆ.

ನೆಲದ ಆಳದ ಮಾತು

ಕೊನೆಯದಾಗಿ, ಪಟ್ಟಿ ಉದ್ದವಾದರೆ ಯಂತ್ರದ ತೂಕವೇನೂ ಇಳಿಯುವುದಿಲ್ಲ, ಸೇರಿಸಿದ ಉಕ್ಕಿನಷ್ಟು ಏರುತ್ತದೆ. ಮೇಲ್ಮಣ್ಣು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಮುಖ್ಯವಾಗಿ ಒತ್ತಡ ನಿರ್ಧರಿಸಿದರೆ, ಆಳದ ಮಣ್ಣಿನ ಗತಿಯನ್ನು ನಿರ್ಧರಿಸುವುದರಲ್ಲಿ ಒಟ್ಟು ಭಾರದ ಪಾಲು ದೊಡ್ಡದು. ನೇಗಿಲು ಮುಟ್ಟದ ಆಳದಲ್ಲಿ ಮಣ್ಣು ಗಟ್ಟಿಯಾದರೆ ನೀರು ಇಳಿಯದು, ಬೇರು ಇಳಿಯದು. ಹಿಂಗಾರಿನ ಕಡಲೆ, ಜೋಳಗಳು ಬದುಕುವುದೇ ಎರೆಮಣ್ಣು ಆಳದಲ್ಲಿ ಹಿಡಿದಿಟ್ಟ ತೇವದಿಂದ. ಹೆಸರಿನ ಕಟಾವಿಗೆ ಅವಸರ ಮಾಡಿ ಹೊಲ ತುಳಿಸಿದರೆ ಅದರ ಸಾಲ ತೀರಿಸಬೇಕಾದದ್ದು ಮುಂದಿನ ಬೆಳೆ.

ಹೂಳದೆ ಮುಂದೆ ಸಾಗಿದ ಯಂತ್ರ ಹೊಲಕ್ಕೆ ಹಾನಿ ಮಾಡಿಲ್ಲ ಎಂದು ಭಾವಿಸುವಂತಿಲ್ಲ. ಸಾಧ್ಯವಿದ್ದಲ್ಲಿ ಹದ ಬರುವವರೆಗೆ ಎರಡು ದಿನ ಕಾಯುವುದು, ಕಾಳಿನ ತೊಟ್ಟಿಯನ್ನು ಅರ್ಧಕ್ಕೇ ಖಾಲಿ ಮಾಡುವುದು, ಯಂತ್ರವನ್ನು ಪ್ರತಿಸಲ ಒಂದೇ ಜಾಡಿನಲ್ಲಿ ಓಡಿಸುವುದು ಖರ್ಚಿಲ್ಲದ ಉಪಾಯಗಳು. ಯಂತ್ರ ಬದಲಿಸಲೇಬೇಕೆನ್ನುವವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಜ್ಞರ ಸಲಹೆ ಪಡೆದು, ತೂಕದ ಲೆಕ್ಕ ಕೈಯಲ್ಲಿ ಹಿಡಿದೇ ವರ್ಕ್‌ಶಾಪ್‌ಗೆ ಹೋಗುವುದು ಒಳಿತು.