ಕೊಯ್ನೆಯ ಕಂಪವೂ ಸಂಖ್ಯಾಶಾಸ್ತ್ರದ ಕಿರ್ದಿಯೂ

1967ನೆಯ ಇಸವಿ ಡಿಸೆಂಬರ್ 11ರ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಸಾತಾರಾ ಜಿಲ್ಲೆಯ ಕೊಯ್ನಾನಗರದಲ್ಲಿ ಭೂಮಿ ಕಂಪಿಸಿತು. ಕಂಪದ ಪರಿಮಾಣ 6.3. ಮಡಿದವರ ಸಂಖ್ಯೆ ಇನ್ನೂರಕ್ಕೆ ಹತ್ತಿರ. ಮುಂಬಯಿಗೆ ಹರಿಯುತ್ತಿದ್ದ ವಿದ್ಯುತ್ತು ಕಡಿದುಹೋಯಿತು. ಪುಣೆಯಲ್ಲಿ ಮಲಗಿದ್ದವರೂ ಎಚ್ಚೆತ್ತರು. 103 ಮೀಟರ್ ಎತ್ತರದ ಅಣೆಕಟ್ಟು ಬಿರುಕು ಬಿಟ್ಟಿತಾದರೂ ಒಡೆಯಲಿಲ್ಲ. ಕೊಯ್ನೆಯು ಕರಾಡದಲ್ಲಿ ಕೃಷ್ಣೆಯನ್ನು ಕೂಡುವ ಹೊಳೆ. ಅಂದು ಕಟ್ಟೆ ಒಡೆದಿದ್ದರೆ ಆ ಪ್ರವಾಹದ ಹಾದಿಯಲ್ಲಿ ಸಾಂಗಲಿಯೂ, ಅದರ ಕೆಳಗೆ ಕೃಷ್ಣಾತೀರದ ಕನ್ನಡ ಹಳ್ಳಿಗಳೂ ಇದ್ದುವೆಂಬುದನ್ನು ನೆನೆಯಬೇಕು.

ಈ ಕಟ್ಟೆಯನ್ನು ರೂಪಿಸಿದ ಇಂಜಿನಿಯರರು ಭೂಕಂಪದ ಬಲವನ್ನು ಗುರುತ್ವದ 0.05 ಪಾಲೆಂದು ಎಣಿಸಿದ್ದರು. ಕಟ್ಟೆಯೊಳಗಿನ ಉಪಕರಣವು ಅಂದು ದಾಖಲಿಸಿದ ಗರಿಷ್ಠ ವೇಗೋತ್ಕರ್ಷ ಕಟ್ಟೆಯ ಉದ್ದಕ್ಕೆ 0.63, ಅಡ್ಡಕ್ಕೆ 0.49. ಒಂದು ವಿನ್ಯಾಸದ ಅಂಕ, ಇನ್ನೊಂದು ಕ್ಷಣಮಾತ್ರದ ಅಳತೆ. ಇವೆರಡನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಅಂತರ ಅಲ್ಪವಾದುದಲ್ಲ. ಇದನ್ನು ಇಂಜಿನಿಯರರ ಅಲಕ್ಷ್ಯವೆಂದು ಹೇಳುವುದು ಅನ್ಯಾಯವಾದೀತು. ಭಾರತೀಯ ಮಾನಕ ಸಂಸ್ಥೆಯು 1962ರಲ್ಲಿ ಪ್ರಕಟಿಸಿದ ಮೊದಲ ಭೂಕಂಪಸಂಹಿತೆಯ ನಕ್ಷೆಯೇ ಈ ಸೀಮೆಯನ್ನು ಕೆಳದರ್ಜೆಯ ವಲಯಗಳಲ್ಲಿ ಇರಿಸಿತ್ತು. ದಖ್ಖಣದ ಪ್ರಸ್ಥಭೂಮಿ ಪುರಾತನವಾದುದು, ಅಚಲವಾದುದು ಎಂಬುದು ಅಂದಿನ ವಿದ್ವನ್ಮತ.

ಆ ಮತಕ್ಕೆ ಆಧಾರವಾದರೂ ಏನು? ಕಂಪಗಳ ಕಿರ್ದಿ. ಥಾಮಸ್ ಓಲ್ಡ್‌ಹ್ಯಾಮ್ ಸಿದ್ಧಪಡಿಸಿದ, 1869ರವರೆಗಿನ ಭಾರತದ ಭೂಕಂಪಗಳ ಪಟ್ಟಿ 1883ರಲ್ಲಿ ಅಚ್ಚಾಯಿತು. ಇಂಥ ಪಟ್ಟಿಗಳಲ್ಲಿ ಬರೆಯುವವರಿದ್ದ ಊರಿನ ಕಂಪ ಸೇರುತ್ತದೆ, ಬರೆಯುವವರಿಲ್ಲದ ಕಣಿವೆಯ ಕಂಪ ಬಿಟ್ಟುಹೋಗುತ್ತದೆ. 1843ರ ಏಪ್ರಿಲ್ 1ರ ಬಳ್ಳಾರಿಯ ಕಂಪ ಇಂದಿನ ಪಟ್ಟಿಗಳಲ್ಲಿ ಉಂಟು. ಬಳ್ಳಾರಿಯು ದಂಡಿನ ಊರಾಗಿತ್ತೆಂಬುದನ್ನು ಮರೆಯಲಾಗದು. ನಮ್ಮ ಶಾಸನಗಳು ದಾನದ ದಿನವನ್ನು ಹೇಳುವಾಗ ಗ್ರಹಣವನ್ನೂ ಸಂಕ್ರಮಣವನ್ನೂ ತಪ್ಪದೆ ನಮೂದಿಸುತ್ತವೆ. ಗ್ರಹಣ ಮೊದಲೇ ತಿಳಿದಿರುವ ಪರ್ವಕಾಲ; ಕಂಪಕ್ಕೆ ತಿಥಿಯಿಲ್ಲ, ಆದ್ದರಿಂದ ಅದಕ್ಕೆ ದಾನಪತ್ರದಲ್ಲಿ ಸ್ಥಾನವಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಭೂಕಂಪಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಆದರೆ ಲಕ್ಷಣ ಬೇರೆ, ಎಣಿಕೆ ಬೇರೆ. ಖಾಲಿ ಪುಟವನ್ನು ಸೊನ್ನೆಯೆಂದು ಓದಿದುದೇ ಆ ನಕ್ಷೆಯ ದೋಷ. ಅದು ಗಣಿತದ ದೋಷವಲ್ಲ, ಇತಿಹಾಸದ ದೋಷ.

ಕೊಯ್ನೆಯಲ್ಲಿ ಇದರೊಡನೆ ಎರಡನೆಯ ತೊಡಕೂ ಸೇರಿತು. 1962ರಿಂದ ಶಿವಾಜಿಸಾಗರದಲ್ಲಿ ನೀರು ತುಂಬತೊಡಗಿದೊಡನೆ ಕಿರುಕಂಪಗಳು ಕಾಣಿಸಿಕೊಂಡುವು. ಮುಂದಿನ ದಶಕಗಳಲ್ಲಿ ಜಲಾಶಯವೇ ಇವನ್ನು ಪ್ರಚೋದಿಸಿತೆಂಬ ವಾದಕ್ಕೆ ಹರ್ಷ ಗುಪ್ತ ಮೊದಲಾದವರು ಬಲವಾದ ಆಧಾರಗಳನ್ನು ಒದಗಿಸಿದರು. ಹಾಗಿರುವಾಗ ಕಿರ್ದಿ ಎಷ್ಟೇ ಪೂರ್ಣವಾಗಿದ್ದರೂ ಸಾಲದು. ಹಿಂದೆ ಇಲ್ಲದಿದ್ದ ಕಾರಣವೊಂದು ಹೊಸದಾಗಿ ಹುಟ್ಟಿತ್ತು.

ಅದೇ ಕೊಯ್ನೆ ಸಂಖ್ಯಾಶಾಸ್ತ್ರಕ್ಕೆ ಪಾಠಶಾಲೆಯೂ ಆಯಿತು. 1963ರಿಂದ ಅಲ್ಲಿ ಭೂಕಂಪಮಾಪಕಗಳು ನಿಂತುವು. ಪುಣೆಯ ಬಳಿ ಖಡಕವಾಸಲಾದಲ್ಲಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾಲಯದ ಎಸ್. ಕೆ. ಗುಹಾ ಮತ್ತು ಸಂಗಡಿಗರು ಈ ಕಂಪಗಳ ಅಧ್ಯಯನ ನಡೆಸಿದರು. ಗುಟೆನ್‌ಬರ್ಗ್ ಮತ್ತು ರಿಕ್ಟರ್ ಎಂಬವರು 1944ರಲ್ಲಿ ಒಂದು ನಿಯಮವನ್ನು ಮಂಡಿಸಿದ್ದರು. ಪರಿಮಾಣ ಒಂದು ಮೆಟ್ಟಿಲು ಏರಿದರೆ ಕಂಪಗಳ ಸಂಖ್ಯೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆಂಬುದು ಅದರ ತಾತ್ಪರ್ಯ. ಕೊಯ್ನೆಯ ಸುಮಾರು ಅರ್ಧಶತಮಾನದ ಲೆಕ್ಕವನ್ನು ಇದಕ್ಕೆ ಹಚ್ಚಿ ನೋಡಬಹುದು. ಪರಿಮಾಣ 4 ಅಥವಾ ಅದಕ್ಕೂ ಮಿಕ್ಕವು ಸುಮಾರು 200. 5 ಅಥವಾ ಮಿಕ್ಕವು 22. 6ನ್ನು ದಾಟಿದುದು ಒಂದೇ. ನಿಯಮದಂತೆ ಕೊನೆಯದು ಎರಡಿರಬೇಕಿತ್ತು. ಇಷ್ಟು ಸಣ್ಣ ಎಣಿಕೆಯಲ್ಲಿ ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸವನ್ನು ಹಿಡಿದು ವಾದಿಸುವಂತಿಲ್ಲ.

ಇಲ್ಲಿಯವರೆಗೆ ಎಷ್ಟು ಎಂಬ ಪ್ರಶ್ನೆ. ಯಾವಾಗ ಎಂಬುದು ಇದಕ್ಕಿಂತ ಬಹಳ ಕಠಿನ. ಬಿಡಿಬಿಡಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಒದಗುವ ಘಟನೆಗಳಿಗೆ ಪ್ವಾಸೋನ್‌ನ ಸೂತ್ರ ಒಪ್ಪುತ್ತದೆ. ಭೂಕಂಪಗಳಾದರೋ ಗುಂಪುಗೂಡಿ ಬರುತ್ತವೆ. ಡಿಸೆಂಬರಿನ ಕಂಪಕ್ಕೆ ಮುನ್ನ, 1967ರ ಸೆಪ್ಟೆಂಬರ್ 13ರಂದು, ಕೊಯ್ನೆಯಲ್ಲಿ 5ನ್ನು ಮೀರಿದ ಕಂಪವೊಂದಾಗಿತ್ತು. ಅದು ಮುನ್ಸೂಚನೆಯೆಂದು ತಿಳಿದುದು ಮೂರು ತಿಂಗಳ ಬಳಿಕ. 2006ರ ಮೇ 16ರಂದು ಗುಪ್ತ ಮತ್ತು ಸಂಗಡಿಗರು ಕಿರುಕಂಪಗಳ ಕೂಟವನ್ನು ಗಮನಿಸಿ, ಹದಿನೈದು ದಿನಗಳೊಳಗೆ ಸುಮಾರು 4 ಪರಿಮಾಣದ ಕಂಪ ಆದೀತೆಂದರು, 21ರಂದು 4.2ರ ಕಂಪವಾಯಿತು. ಗಣನೀಯ ಸಾಧನೆಯೇ ಸರಿ. ಆದರೆ ಇಪ್ಪತ್ತು ಮೂವತ್ತು ಕಿಲೋಮೀಟರಿನ ಒಂದು ತುಣುಕು ನೆಲದಲ್ಲಿ, ದಟ್ಟವಾಗಿ ನೆಟ್ಟ ಉಪಕರಣಗಳ ನಡುವೆ ದೊರೆತ ಫಲವನ್ನು ದಖ್ಖಣಕ್ಕೆಲ್ಲ ವಿಸ್ತರಿಸಲು ಬರುವುದಿಲ್ಲ.

ಕೊಯ್ನೆಯ ಬಳಿಕ, 1970ರಲ್ಲಿ, ನಕ್ಷೆ ತಿದ್ದಲ್ಪಟ್ಟು ಕೊಯ್ನೆಯ ಸೀಮೆ ನಾಲ್ಕನೆಯ ವಲಯಕ್ಕೆ ಏರಿತು. ಕಂಪ ಕಂಡಲ್ಲಿ ಬಣ್ಣ ಬದಲಾಯಿತು. ಉಳಿದ ಖಾಲಿ ಪುಟಗಳು ಸೊನ್ನೆಗಳಾಗಿಯೇ ಉಳಿದುವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಹತ್ತುಸಾವಿರಕ್ಕೆ ಸಮೀಪ ಜನ ಕಲ್ಲುಮಣ್ಣಿನ ಗೋಡೆಗಳಡಿ ಸತ್ತಾಗ ಅದು ಮೊದಲನೆಯ, ಎಂದರೆ ಅತಿ ಸುರಕ್ಷಿತ, ವಲಯದಲ್ಲಿತ್ತು. ಅಲ್ಲಿ ಕೊಯ್ನೆಯಂಥ ಹಿರಿಯ ಜಲಾಶಯವೂ ಇರಲಿಲ್ಲ. 2002ರ ಸಂಹಿತೆ ಆ ಮೊದಲನೆಯ ವಲಯವನ್ನೇ ತೆಗೆದುಹಾಕಿತು.

ಪುಣೆಯನ್ನು 2002ರ ಸಂಹಿತೆ ಮೂರನೆಯ ವಲಯದಲ್ಲಿರಿಸಿ 0.16 ಎಂಬ ಅಂಕವನ್ನು ಕೊಟ್ಟಿತು. ನಗರದ ದಕ್ಷಿಣಕ್ಕೆ ಕೊಂಢವಾದಲ್ಲಿ ಮನೆ ಕೊಳ್ಳುವ ಕುಟುಂಬಕ್ಕೆ ಇದರ ಅರ್ಥವೇನು? ಆ ಅಂಕ ಸಂಭಾವ್ಯತೆಯಲ್ಲ, ಇಷ್ಟು ವರ್ಷಕ್ಕೊಮ್ಮೆ ಎಂಬ ಲೆಕ್ಕ ಅದರಲ್ಲಿಲ್ಲ. ಅಂಥ ಲೆಕ್ಕದ ದಾರಿಯನ್ನು ತೆರೆದವನು ಕಾರ್ನೆಲ್, ಕೊಯ್ನೆಯ ಮರುವರ್ಷ, 1968ರಲ್ಲಿ. ಇಂದು ಲೋಕದಲ್ಲಿ ರೂಢವಾಗಿರುವ ಪ್ರಮಾಣ 475 ವರ್ಷ. ಇದನ್ನು ಕೇಳಿ, ಇನ್ನು ನಾಲ್ಕುನೂರು ವರ್ಷ ಚಿಂತೆಯಿಲ್ಲವೆಂದು ತಿಳಿಯುವವರೇ ಹೆಚ್ಚು. ಅದರ ನಿಜವಾದ ಅರ್ಥ, ಪ್ರತಿ ವರ್ಷವೂ 475ರಲ್ಲಿ ಒಂದು ಪಾಲು ಸಂಭವವೆಂದು. 50 ವರ್ಷಕ್ಕೆ ಅದು ನೂರಕ್ಕೆ 10, ಗೃಹಸಾಲ ತೀರುವ 20 ವರ್ಷಕ್ಕೆ ನೂರಕ್ಕೆ 4. ಯಾವ ಸಾಲಗಾರನಾದರೂ ನೂರಕ್ಕೆ ನಾಲ್ಕನ್ನು ಅಲ್ಪವೆಂದು ಬದಿಗಿಡಲಾರನು. ಅದಲ್ಲದೆ, ಇನ್ನೂರು ವರ್ಷವೂ ಸರಿಯಾಗಿ ತುಂಬದ ಕಿರ್ದಿಯಿಂದ 475 ವರ್ಷದ ಬಾಕಿಯನ್ನು ತೆಗೆಯುತ್ತಿದ್ದೇವೆಂಬುದನ್ನೂ ಗಮನಿಸಬೇಕು.

ನಷ್ಟದ ಲೆಕ್ಕದಲ್ಲಿ ಇದು ಅರ್ಧ ಮಾತ್ರ. ಸಂಭವವನ್ನು ಕಟ್ಟಡದ ದೌರ್ಬಲ್ಯದಿಂದ ಗುಣಿಸಬೇಕು. ಕೊಯ್ನಾನಗರದಿಂದ ಕೊಂಢವಾಕ್ಕೆ ನೇರ ಗೆರೆಯಲ್ಲಿ ಸುಮಾರು 120 ಕಿಲೋಮೀಟರ್. ದೂರವೇ ರಕ್ಷಣೆಯೆಂಬ ಭಾವನೆ ಸಹಜ. 2001ರ ಜನವರಿ 26ರ ಭುಜದ ಕಂಪವು ಕೊಯ್ನೆಯದಕ್ಕಿಂತ ಬಹಳ ದೊಡ್ಡದು, ನಿಜ. ಆದರೆ ಅಂದು ಅಹಮದಾಬಾದು ಕಂಪಕೇಂದ್ರದಿಂದ 200 ಕಿಲೋಮೀಟರಿಗೂ ಆಚೆಗಿತ್ತು. ಅಲ್ಲಿ ಉರುಳಿದವುಗಳಲ್ಲಿ ಅನೇಕವು ವಾಹನಗಳಿಗಾಗಿ ಕೆಳ ಅಂತಸ್ತನ್ನು ತೆರವುಬಿಟ್ಟು ಬರಿಯ ಕಂಬಗಳ ಮೇಲೆ ನಿಲ್ಲಿಸಿದ ವಸತಿಕಟ್ಟಡಗಳು.