ರಾತ್ರಿ ಮಾತ್ರೆ

ಮಳೆ ನಿಂತು ಟಿಟ್ವಾಳಾದ ಆಚೆ ಇಟ್ಟಿಗೆ ಭಟ್ಟಿಗಳ ಹೊಗೆ ಏಳತೊಡಗಿದರೆ ನಮ್ಮ ಮನೆಯ ಡಬ್ಬಿಯಿಂದ ಮಾಂಟೆಲುಕಾಸ್ಟ್ ಹೊರಬರುತ್ತದೆ. ಅತ್ತೆಯವರ ಬಾಯಲ್ಲಿ ಅದು ‘ರಾತ್ರಿ ಮಾತ್ರೆ’. ಗದಗಿನಲ್ಲಿದ್ದಾಗ ಅವರು ದಮ್ಮಿಗೆ ನುಂಗುತ್ತಿದ್ದದ್ದು ಎಫೆಡ್ರಿನ್. “ಎದಿ ಢವಢವ ಅಂತಿತ್ತು, ನಿದ್ದಿ ಬರ್ತಿದ್ದಿಲ್ಲ” ಎಂದು ಈಗಲೂ ಹೇಳುತ್ತಾರೆ. ಚೀನಾದವರು ‘ಮಾ ಹುವಾಂಗ್’ ಎನ್ನುವ ಗಿಡದಿಂದ ಅದನ್ನು 1885ರಲ್ಲಿ ಬೇರ್ಪಡಿಸಿದವರು ಜಪಾನಿನ ನಾಗಾಯ್.

ಮಾಂಟೆಲುಕಾಸ್ಟ್‌ನ ಕಥೆ ಶುರುವಾಗುವುದು ನಾಗರಹಾವಿನ ವಿಷದಿಂದ! 1938ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆಲ್ಡ್‌ಬರ್ಗ್ ಮತ್ತು ಕೆಲ್ಲವೇ ಎಂಬ ವಿಜ್ಞಾನಿಗಳು ಪ್ರಾಣಿಗಳ ಶ್ವಾಸಕೋಶಕ್ಕೆ ಈ ವಿಷ ಹಾಯಿಸಿ ನೋಡಿದರು. ಸ್ನಾಯುವನ್ನು ನಿಧಾನವಾಗಿ, ಬಹಳ ಹೊತ್ತು ಬಿಗಿಹಿಡಿಯುವ ಒಂದು ವಸ್ತು ಹೊರಬಂತು. ಅದೇನೆಂದು ತಿಳಿಯಲು ನಾಲ್ಕು ದಶಕ ಬೇಕಾದವು. ಸ್ವೀಡನ್ನಿನ ಸ್ಯಾಮುಯೆಲ್ಸನ್ 1979ರಲ್ಲಿ ಅದಕ್ಕೆ ಲ್ಯೂಕೋಟ್ರೈನ್ ಎಂದು ಹೆಸರಿಟ್ಟರು. 1982ರಲ್ಲಿ ನೊಬೆಲ್ ಹಂಚಿಕೊಂಡರು. ಉಸಿರುನಾಳ ಬಿಗಿಯುವುದು, ಊದುವುದು, ಮೂಗು ಕಟ್ಟುವುದು, ಇದರಲ್ಲೆಲ್ಲ ಅದರ ಕೈವಾಡವಿದೆ. ಅದು ಹೋಗಿ ಕೂರುವ ಜಾಗವನ್ನು ಮೊದಲೇ ಹಿಡಿದಿಡುವ ಮಾತ್ರೆ ಕೆನಡಾದ ಮಾಂಟ್ರಿಯಲ್‌ನಲ್ಲಿ ತಯಾರಾಯಿತು. ಹೆಸರಿನ ‘ಮಾಂಟ್’ ಆ ಊರಿನದೇ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ 2005ರವರೆಗೆ ಔಷಧಿಯ ತಯಾರಿ ವಿಧಾನಕ್ಕಷ್ಟೇ ಪೇಟೆಂಟ್ ಇತ್ತು, ಔಷಧಿಗಲ್ಲ. ಹಾಗಾಗಿ ನಮ್ಮ ಕಂಪನಿಗಳೂ ಅದನ್ನು ತಯಾರಿಸಿದವು. ಈಗ ಸೀನು ಬಂದರೂ ಸಾಕು, ಲೆವೊಸೆಟಿರಿಝಿನ್ ಜೊತೆ ಸೇರಿಸಿದ ಮಾತ್ರೆ ಕೈಗೆ ಬರುತ್ತದೆ. ಈ ಧಾರಾಳ ನನಗೆ ಹಿಡಿಸುವುದಿಲ್ಲ.

ಕಾರಣವಿದೆ. ಮಗಳಿಗೆ ಎಂಟು ವರ್ಷವಿದ್ದಾಗ ಅಲರ್ಜಿಗೆಂದು ಇದೇ ಮಾತ್ರೆ ಶುರುಮಾಡಿದೆವು. ಎರಡು ವಾರದಲ್ಲಿ ನಡುರಾತ್ರಿ ಚೀರಿ ಏಳತೊಡಗಿದಳು. ಹಗಲು ಸುಮ್ಮಸುಮ್ಮನೆ ಅಳು, ಸಿಡುಕು. ಪರೀಕ್ಷೆಯ ಹೆದರಿಕೆ ಇರಬೇಕು ಅಂದುಕೊಂಡೆವು. “ಮಾತ್ರಿ ಬಂದ ಮ್ಯಾಲೇ ಹಿಂಗ ಆಗೇದ” ಎಂದು ಹಿಡಿದದ್ದು ಅತ್ತೆಯವರು. ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ನಿಲ್ಲಿಸಿದರು, ಕೆಲವು ದಿನಗಳಲ್ಲಿ ನಿದ್ದೆ ಸರಿಹೋಯಿತು. ಮಾತ್ರೆಯೇ ಕಾರಣವೆಂದು ಆಣೆ ಮಾಡಿ ಹೇಳಲಾರೆ. ಆದರೆ 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗೆ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿತು: ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕೂಡ ಬರಬಹುದು, ಬರೀ ಮೂಗಿನ ಅಲರ್ಜಿಗಾದರೆ ಬೇರೆ ಔಷಧಿ ನಾಟದವರಿಗೆ ಮಾತ್ರ ಕೊಡಿ. ನಮಗೆ ಕೊಟ್ಟಾಗ ಇದನ್ನು ಯಾರೂ ಹೇಳಿರಲಿಲ್ಲ.

ಅತ್ತೆಯವರಿಗೆ ಮಾತ್ರೆ ಒಗ್ಗಿದೆ, ಡಾಕ್ಟರು ಮುಂದುವರಿಸಿದ್ದಾರೆ. ಇದು ದಮ್ಮು ಬಾರದಂತೆ ದಿನವೂ ತೆಗೆದುಕೊಳ್ಳುವ ಮಾತ್ರೆ. ಉಸಿರು ಕಟ್ಟಿದ ಹೊತ್ತಿಗೆ ಕೆಲಸಕ್ಕೆ ಬಾರದು. ಅದಕ್ಕೆಂದು ಕೊಟ್ಟ ಇನ್‌ಹೇಲರ್ ಅವರ ದಿಂಬಿನ ಪಕ್ಕದಲ್ಲೇ ಇರುತ್ತದೆ. ಮಗಳಿಗೀಗ ಮೂಗಿಗೆ ಸ್ಪ್ರೇ. ಆದರೂ ಬೆಳಿಗ್ಗೆ ಜಡೆ ಹಾಕುವಾಗ ಅಜ್ಜಿ ಕೇಳುವುದನ್ನು ಬಿಟ್ಟಿಲ್ಲ: “ರಾತ್ರಿ ಛಲೋ ನಿದ್ದಿ ಬಂತೇನವಾ?”